ಟರ್ಪಾಲಿನ ಮೇಲೆ ನಿಂತ ನೀರು: ಬೈಕಂಪಾಡಿಯ ಒಂದು ಯಾರ್ಡಿನ ಪ್ರಕರಣ

ಜುಲೈ ಎರಡನೇ ವಾರದ ಒಂದು ಬೆಳಿಗ್ಗೆ, ಎರಡು ಗಂಟೆಯ ಒಳಗೆ ಎರಡು ಅವಘಡ ನಡೆಯಿತು. ಮೊದಲನೆಯದು ಹೆದ್ದಾರಿಯಲ್ಲಿ, ಕೂಳೂರು ಸೇತುವೆಗೆ ಸ್ವಲ್ಪ ಮೊದಲು. ಎರಡನೆಯದು ನಮ್ಮದೇ ಯಾರ್ಡಿನೊಳಗೆ, ನನ್ನ ಕಣ್ಣೆದುರಿಗೆ, ನಾನೇ ಹೇಳಿದ ಕೆಲಸ ಮಾಡುವಾಗ. ಎರಡಕ್ಕೂ ಕಾರಣ ಟ್ರೈಲರಿನ ನೆತ್ತಿಯಲ್ಲಿ ನಿಂತ ಮಳೆನೀರು. ಮಂಗಳೂರಿನ ಬೈಕಂಪಾಡಿ, ಪಣಂಬೂರು, ಸುರತ್ಕಲ್ ಕಡೆ ಲಾರಿ ಕೆಲಸದಲ್ಲಿರುವವರು ಇದನ್ನು ಓದಲಿ ಎಂದು ಆ ದಿನದ ಹಿಂದುಮುಂದು ಎಲ್ಲವನ್ನೂ ಬರೆದಿಡುತ್ತಿದ್ದೇನೆ. ನಾನು ಆ ಯಾರ್ಡಿನ ಸೂಪರ್‌ವೈಸರ್. ಹಳಬರು ಈಗಲೂ ರೈಟರ್ ಎಂದೇ ಕರೆಯುತ್ತಾರೆ.

ಲೋಡ್ ಹೇಗಿತ್ತು

ಯೂರಿಯಾ ಚೀಲ, ಒಂದೊಂದು 45 ಕಿಲೋ. ನಲವತ್ತು ಅಡಿ ಟ್ರೈಲರಿಗೆ 666 ಚೀಲ ಹಾಕಿದರೆ 30 ಟನ್ನಿಗೆ ಮೂವತ್ತು ಕಿಲೋ ಕಡಿಮೆ. ಒಂದು ವರಸೆಗೆ, ಅಂದರೆ ಒಂದು ಪದರಕ್ಕೆ, 70 ಚೀಲ ಹಿಡಿಯುತ್ತದೆ. ಒಂಬತ್ತು ವರಸೆಗೆ 630 ಮುಗಿದು 36 ಚೀಲ ಉಳಿಯುತ್ತದೆ. ಪ್ರಕರಣದ ಬೇರು ಇರುವುದು ಈ 36 ಚೀಲದಲ್ಲಿ.

ಉಳಿದ ಚೀಲವನ್ನು ಅಂಚಿನ ಸುತ್ತ ಇಡುವುದು ನಮ್ಮಲ್ಲಿ ಮೊದಲಿನಿಂದ ಬಂದ ಕ್ರಮ. ಹಗ್ಗ ಎಳೆದಾಗ ಅಂಚಿನ ಚೀಲ ಭಾರ ಕೊಟ್ಟು ಕೆಳಗಿನವನ್ನು ಅದುಮಿ ಹಿಡಿಯಬೇಕು, ಘಾಟಿಯ ತಿರುವಿನಲ್ಲಿ ಲೋಡ್ ಬದಿಗೆ ವಾಲಬಾರದು ಎಂಬುದು ಅದರ ಹಿಂದಿನ ಲೆಕ್ಕ. ಲೆಕ್ಕವೇನೂ ತಪ್ಪಲ್ಲ. ಆದರೆ ಸುತ್ತ ಒಂದು ಚೀಲ ಎತ್ತರ, ನಡುವೆ ಖಾಲಿ ಎಂದರೆ ಸುಮಾರು 16 ಸೆಂಟಿಮೀಟರ್ ಆಳದ ಒಂದು ಉದ್ದನೆಯ ಬಾನಿ ಆಯಿತು. ಅದರ ಮೇಲೆ ಟರ್ಪಾಲು ಹೊದೆಸಿ, ಬಿಗಿದು, ರಾತ್ರಿಯಿಡೀ ಆಕಾಶದ ಕೆಳಗೆ ನಿಲ್ಲಿಸಿದೆವು.

ಬಾನಿಯ ಬಾಯಿ ಹದಿನೈದು ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು, ಒಂದು ಕಿಲೋ ತೂಕ. ಅಂದರೆ 25 ಮಿಲಿಮೀಟರ್ ಮಳೆಗೆ 375 ಲೀಟರ್. ತುಳುವರ ಆಟಿ ತಿಂಗಳು ಹತ್ತಿರವಾಗುವ ಹೊತ್ತಿಗೆ ನಮ್ಮ ಕರಾವಳಿಯಲ್ಲಿ 25 ಮಿಲಿಮೀಟರನ್ನು ಯಾರೂ ಮಳೆ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ, ದಿನಕ್ಕೆ ನೂರು ದಾಟುವುದೂ ಅಪರೂಪವಲ್ಲ. ನೀರು ನಿಂತಷ್ಟೂ ಟರ್ಪಾಲು ಜಗ್ಗುತ್ತದೆ, ಜಗ್ಗಿದಷ್ಟೂ ಇನ್ನಷ್ಟು ನೀರು ನಿಲ್ಲುತ್ತದೆ. ನಮ್ಮ ಯಾರ್ಡಿನ ನೆಲ ಚರಂಡಿಯ ಕಡೆಗೆ ಇಳಿಜಾರು. ಆ ಟ್ರೈಲರಿನ ಮೂತಿ ಚರಂಡಿಯ ಕಡೆಗಿತ್ತು. ಹಾಗಾಗಿ ನೀರೆಲ್ಲ ಕ್ಯಾಬಿನ್ನಿನ ಹಿಂದಕ್ಕೇ ಬಂದು ಸೇರಿತು.

ನೆಲದ ಮೇಲೆ ನಿಂತವನಿಗೆ ಇದು ಕಾಣುವುದೇ ಇಲ್ಲ. ಲೋಡಿನ ನೆತ್ತಿ ಮೂರು ಮೀಟರ್ ಎತ್ತರ. ಕೆಳಗಿನಿಂದ ನೋಡಿದರೆ ನೀಲಿ ಟರ್ಪಾಲು ನೇರವಾಗಿ, ಬಿಗಿಯಾಗಿ, ಚೆಂದವಾಗಿಯೇ ಕಾಣುತ್ತಿತ್ತು.

ಕೂಳೂರಿನಲ್ಲಿ

ಡ್ರೈವರ್ ಕೊಪ್ಪಳ ಕಡೆಯವರು, ಹದಿನೆಂಟು ವರ್ಷದ ಅನುಭವ. ಬೆಳಿಗ್ಗೆ ಆರೂಕಾಲಕ್ಕೆ ಗೇಟು ದಾಟಿದರು. ನಂತೂರಿಗೆ ಹೋಗಿ ಅಲ್ಲಿಂದ ಪಡೀಲ್, ಬಿ.ಸಿ. ರೋಡ್ ಹಿಡಿದು ಶಿರಾಡಿ ಘಾಟಿ ಹತ್ತುವವರು. ಪಣಂಬೂರು ಕಳೆದು ಕೂಳೂರು ಹತ್ತಿರವಾಗುವಾಗ ಎದುರಿನ ಗಾಡಿಗಳು ಸಾಲು ನಿಂತಿದ್ದವು. ಇವರು ಬ್ರೇಕ್ ಹಿಡಿದರು. ಮುಂದಿನದನ್ನು ಅವರ ಮಾತಿನಲ್ಲೇ ಹೇಳುತ್ತೇನೆ: "ಸರ, ಬ್ರೇಕ್ ಹಿಡಿದ ಕೂಡ್ಲೇ ಗ್ಲಾಸ್ ಮ್ಯಾಲೆ ಹೊಳಿ ಬಂದಂಗ ಬಂತ್ರಿ. ಮುಂದ ಏನೂ ಕಾಣ್ಲಿಲ್ಲ. ಎಡಕ್ಕ ಸ್ವಲ್ಪ ಎಳದೆ."

ಎಡಕ್ಕೆ ಎಳೆದಾಗ ಉಳಿದ ನೀರು ಎಡದ ಅಂಚು ಹಾರಿತು. ಅಲ್ಲಿ ಬೈಕಿನಲ್ಲಿ ಒಬ್ಬರು ಇದ್ದರು, ಬೆಳಗಿನ ಪಾಳಿಗೆ ಹೋಗುತ್ತಿದ್ದವರು. ಬಿದ್ದರು. ಕೊರಳೆಲುಬು ಮುರಿಯಿತು, ಮೊಣಕಾಲು ಸುಲಿದು ಹೋಯಿತು. ಹಿಂದಿನಿಂದ ಬರುತ್ತಿದ್ದ ಬಸ್ಸಿನ ಡ್ರೈವರ್ ಸಮಯಕ್ಕೆ ನಿಲ್ಲಿಸಿದ್ದರಿಂದ ಜೀವ ಉಳಿಯಿತು. ಮೂರನೇ ದಿನ ನಾನು ಮತ್ತು ನಮ್ಮ ಧಣಿ ಅವರನ್ನು ನೋಡಲು ಹೋದೆವು. ಕೈಯನ್ನು ಎದೆಗೆ ಕಟ್ಟಿಕೊಂಡು ಕೂತಿದ್ದರು. ಬೈಯಲಿಲ್ಲ. "ಮಳೆ ಉಂಟು ಅಂತ ಗೊತ್ತಿತ್ತು, ರೈನ್‌ಕೋಟ್ ಹಾಕಿದ್ದೆ. ಅದು ಮಳೆ ಅಲ್ಲ ಮಾರ್ರೆ, ಗೋಡೆ ಬಿದ್ದ ಹಾಗೆ ಬಿತ್ತು" ಎಂದರು. ಅವರು ಹೇಳಿದ್ದು ಅಳತೆಗೆ ಸರಿಯಾಗಿಯೇ ಇತ್ತು. ಆಮೇಲೆ ಟರ್ಪಾಲು ಬಿಡಿಸಿ ನೆಲದಲ್ಲಿ ಹಾಸಿದಾಗ ನೀರು ನಿಂತ ಗುರುತು ಸ್ಪಷ್ಟವಾಗಿತ್ತು: ಗೊಬ್ಬರದ ಧೂಳು ಮತ್ತು ಕೆಂಪು ಮಣ್ಣು ಸೇರಿದ ಒಂದು ಕಂದು ಗೆರೆ, ಅದರುದ್ದಕ್ಕೂ ಅಂಟಿದ ಗಾಳಿಮರದ ಎಲೆಕಡ್ಡಿ. ಗೆರೆಯೊಳಗೆ ಅಗಲ ಒಂದೂವರೆ ಮೀಟರ್, ಉದ್ದ ಮೂರು ಮೀಟರಿಗೆ ತುಸು ಮೇಲೆ. ಸರಾಸರಿ ಆಳ 8 ಸೆಂಟಿಮೀಟರ್ ಹಿಡಿದರೂ 370 ಲೀಟರ್. ಎಂಟು ಯೂರಿಯಾ ಚೀಲಕ್ಕಿಂತ ಹೆಚ್ಚು ತೂಕ. ಅದರಲ್ಲಿ ಒಂದು ಪಾಲು ಮಾತ್ರ ಎಡಕ್ಕೆ ಬಿತ್ತು ಎಂದುಕೊಂಡರೂ ಬೈಕಿನವರ ಹೆಗಲ ಮೇಲೆ ಬಿದ್ದದ್ದು ಸಣ್ಣದಲ್ಲ.

ಯಾರ್ಡಿನಲ್ಲಿ

ಡ್ರೈವರ್ ಫೋನ್ ಮಾಡಿದಾಗ ಏಳು ಗಂಟೆ. ಯಾರ್ಡಿನಲ್ಲಿ ಅದೇ ರೀತಿ ಲೋಡಾದ ಇನ್ನೂ ಮೂರು ಟ್ರೈಲರ್ ಹೊರಡಲು ನಿಂತಿದ್ದವು. ನನಗೆ ಕೈಕಾಲು ಆಡಲಿಲ್ಲ. ಕೂಗಿದೆ: "ಮೂರರ ಮೇಲೂ ನೀರು ಉಂಟಾ ನೋಡಿ, ಇದ್ರೆ ಇಳಿಸಿ. ಬೇಗ." ಯಾರು, ಹೇಗೆ, ಯಾವುದರಲ್ಲಿ ಎಂದು ಹೇಳಲಿಲ್ಲ.

ಕ್ಲೀನರ್ ಹುಡುಗ "ಆಯ್ತು ಅಣ್ಣ" ಎಂದ. ಚಪ್ಪಲಿ ಟೈರಿನ ಪಕ್ಕ ಬಿಟ್ಟ. ಟೈರಿಗೆ ಒಂದು ಕಾಲು, ಹಗ್ಗದ ಗಂಟಿಗೆ ಒಂದು ಕಾಲು, ಮೇಲೆ ಹೋದ. ದಿನಾ ಹಾಗೆಯೇ ಹತ್ತುತ್ತಿದ್ದ, ನಾನು ದಿನಾ ನೋಡುತ್ತಿದ್ದೆ. ಮೂರನೇ ಟ್ರೈಲರಿನಲ್ಲಿ ನೀರಿತ್ತು. ಅಂಚಿನ ಚೀಲದ ಮೇಲೆ ನಿಂತು, ಬಗ್ಗಿ, ಹೊಂಡದ ಪಕ್ಕದ ಟರ್ಪಾಲನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆತ್ತಿದ. ಆಚೆ ಕಡೆಗೆ ಹರಿಯಲಿ ಎಂಬುದು ಅವನ ಎಣಿಕೆ. ನೀರು ಅರ್ಧ ದೂರ ಹೋಗಿ ಹಿಂದಕ್ಕೆ ಬಂತು. ಒದ್ದೆ ಟರ್ಪಾಲು, ಅದರ ಮೇಲೆ ಕರಗಿದ ಯೂರಿಯಾದ ಲೋಳೆ, ಬರಿಗಾಲು. ಎರಡೂ ಪಾದ ಒಟ್ಟಿಗೆ ಜಾರಿದ್ದನ್ನು ನಾನು ನೋಡಿದೆ. ನಿಂತ ಹಾಗೆಯೇ ಕೆಳಗೆ ಬಂದ. ಹಿಮ್ಮಡಿಯ ಮೂಳೆ ಬಿರುಕು, ಎಡಗೈ ಮಣಿಕಟ್ಟು ಮುರಿತ. ನೆಲ ಕಾಂಕ್ರೀಟು. ತಲೆ ಮೊದಲು ಬಿದ್ದಿದ್ದರೆ ನಾನು ಇದನ್ನು ಬರೆಯುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ.

2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 32ನೇ ಕಲಮು ಎತ್ತರದಲ್ಲಿ ಕೆಲಸ ಮಾಡುವವನು ಬೀಳುವಂತಿದ್ದರೆ ಕಟಕಟೆಯನ್ನೋ ಬೇರೆ ರಕ್ಷಣೆಯನ್ನೋ ಒದಗಿಸಬೇಕು ಎನ್ನುತ್ತಿತ್ತು. ನಮ್ಮದು ಲಾರಿ ಯಾರ್ಡು, ಕಾರ್ಖಾನೆಯಲ್ಲ ಎಂಬ ಮಾತು ಆ ವಾರ ನಮ್ಮೊಳಗೇ ಬಂತು. ನನಗೆ ಆ ಮಾತು ಹಿಡಿಸಲಿಲ್ಲ. ಬೀಳುವವನಿಗೆ ಮೂರು ಮೀಟರ್ ಎರಡೂ ಕಡೆ ಮೂರೇ ಮೀಟರ್.

ಕೆನಡಾದಿಂದ ಬಂದ ಮಾತು

ನನ್ನ ಭಾವ ಒಂಟಾರಿಯೋದಲ್ಲಿ ಟ್ರಕ್ ಓಡಿಸುತ್ತಾರೆ. ಆ ರಾತ್ರಿ ಅಕ್ಕನ ಜೊತೆ ಮಾತಾಡುವಾಗ ವಿಷಯ ಅವರ ಕಿವಿಗೂ ಬಿತ್ತು. ಅವರು ಮೊದಲು ಕೇಳಿದ್ದು ಎಷ್ಟು ನೀರಿತ್ತು ಎಂದಲ್ಲ. "ಮೇಲೆ ಹತ್ತಿಸಿದ್ದು ಯಾರು?" ಎಂದು. ನಾನೇ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರ ಊರಿನ ಚಳಿಗಾಲದ ಕಥೆ ಹೇಳಿದರು.

ಅಲ್ಲಿನ ಉದ್ದದ ಟ್ರೈಲರ್ 53 ಅಡಿ. ಮುಚ್ಚಿದ ಪೆಟ್ಟಿಗೆ, ನೆತ್ತಿ ನೆಲದಿಂದ ನಾಲ್ಕು ಮೀಟರಿಗೂ ಮೇಲೆ, ವಿಸ್ತೀರ್ಣ 42 ಚದರ ಮೀಟರಿನಷ್ಟು. ಆಗಷ್ಟೇ ಬಿದ್ದ ಹಗುರ ಹಿಮ ಘನಮೀಟರಿಗೆ ನೂರು ಕಿಲೋ ಹತ್ತಿರ ತೂಗುತ್ತದೆ. ಒಂದು ಅಡಿ ಹಿಮ ಕೂತರೆ ಒಂದೂಕಾಲು ಟನ್. ಮಂಜುಗಡ್ಡೆ ಹಾಗಲ್ಲ, ಅದರ ತೂಕ ಘನಮೀಟರಿಗೆ 917 ಕಿಲೋ. ಬರೇ ಒಂದು ಸೆಂಟಿಮೀಟರ್ ದಪ್ಪದ ಹಾಳೆ ನೆತ್ತಿ ತುಂಬಾ ಹರಡಿದರೆ 385 ಕಿಲೋ. ನಾನು ನಮ್ಮ 370 ಲೀಟರಿನ ಪಕ್ಕ ಈ ಸಂಖ್ಯೆಯನ್ನು ಬರೆದಿಟ್ಟುಕೊಂಡೆ. ಹಗಲಿನ ಬಿಸಿಲಿಗೆ ತಳದ ಹಿಮ ಕರಗಿ ರಾತ್ರಿ ಮತ್ತೆ ಗಟ್ಟಿಯಾಗುತ್ತದೆ. ಗಾಡಿ ಹೆದ್ದಾರಿಗೆ ಬಂದು ವೇಗ ಹಿಡಿದ ಮೇಲೆ ಗಾಳಿ ಅದರ ಅಡಿಗೆ ಹೊಕ್ಕು ಹಾಳೆಹಾಳೆಯಾಗಿ ಎಬ್ಬಿಸುತ್ತದೆ. ಹಿಂದಿನ ಕಾರಿನ ಗಾಜಿಗೆ ಅದು ಕಲ್ಲು ಚಪ್ಪಡಿ. ಜನ ಸತ್ತಿದ್ದಾರೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ಗಾಡಿಯ ಮೇಲಿನ ಹಿಮ ತೆಗೆಯದೆ ಓಡಿಸಿದರೆ ದಂಡ 25ರಿಂದ 75 ಡಾಲರ್. ಸರಕು ಗಾಡಿಯಿಂದ ಬಿದ್ದು ಯಾರಿಗಾದರೂ ಗಾಯವಾದರೆ ಅಥವಾ ಏನಾದರೂ ಹಾಳಾದರೆ 500ರಿಂದ 1,500 ಡಾಲರ್. ಪೆನ್ಸಿಲ್ವೇನಿಯಾ 2022ರಲ್ಲಿ ಕಾನೂನು ಮಾಡಿ, ಹಿಮ ಬೀಳುವುದು ನಿಂತ 24 ಗಂಟೆಯೊಳಗೆ ತೆಗೆಯಲು ತಕ್ಕ ಪ್ರಯತ್ನ ಮಾಡಲೇಬೇಕು ಎಂದಿತು.

ಆದರೆ ತೆಗೆಯುವುದು ಹೇಗೆ? ಸಾಮಾನು ಪೆಟ್ಟಿಗೆಯ ನೆತ್ತಿ ತೆಳು ಅಲ್ಯೂಮಿನಿಯಂ ತಗಡು, ಒಂದು ಮಿಲಿಮೀಟರ್ ದಪ್ಪ. ಅದರ ಮೇಲೆ ಮಂಜುಗಡ್ಡೆ, ಹಿಡಿದುಕೊಳ್ಳಲು ಏನೂ ಇಲ್ಲ. "ನಮ್ಮಲ್ಲಿ ಡ್ರೈವರ್ ನೆತ್ತಿಗೆ ಕಾಲಿಡುವ ಹಾಗೆಯೇ ಇಲ್ಲ ಮಾರಾಯ. ಹತ್ತಿದ್ದು ಗೊತ್ತಾದ್ರೆ ಕೆಲಸ ಹೋಗ್ತದೆ" ಎಂದರು ಭಾವ. ಅವರ ಡಿಪೋದಲ್ಲಿ ಬಾಗಿಲ ಚೌಕಟ್ಟಿನ ಹಾಗೆ ಒಂದು ಕಬ್ಬಿಣದ ಕಮಾನು ಇದೆಯಂತೆ. ಮೇಲಿನಿಂದ ನೇಗಿಲ ಮೂತಿಯ ಒಂದು ಹಲಗೆ ಇಳಿಯುತ್ತದೆ. ಅದು ನೆತ್ತಿಗೆ ತಾಗುವಷ್ಟು ಇಳಿಸಿ, ಗಾಡಿಯನ್ನು ಅದರ ಅಡಿಯಲ್ಲಿ ನಡಿಗೆಯ ವೇಗದಲ್ಲಿ ಮುಂದಕ್ಕೆ ಬಿಡುತ್ತಾರೆ. ಹಿಮ ಎರಡು ಬದಿಗೆ ಸೀಳಿ ಬೀಳುತ್ತದೆ. ಗಟ್ಟಿ ಮಂಜುಗಡ್ಡೆಗೆ ಅದೂ ಪೂರ್ತಿ ಸಾಲುವುದಿಲ್ಲ. ಕಮಾನು ಇಲ್ಲದ ಕಡೆ ಕಟಕಟೆ ಇರುವ ಅಟ್ಟದ ಮೇಲೆ ನಿಂತು ಉದ್ದ ಕೋಲಿನ ತುದಿಯ ಹಲಗೆಯಿಂದ ಎಳೆಯುತ್ತಾರೆ.

ಕಮಾನು ನಮಗೆ ಒಗ್ಗುವುದಿಲ್ಲ, ಟರ್ಪಾಲು ಹರಿದು ಹೋದೀತು. ಆದರೆ ಅವರ ಮಾತಿನಿಂದ ನನಗೆ ಒಂದು ಸಂಗತಿ ತಟ್ಟಿತು. ಅಲ್ಲಿ ಹಿಮ ಬೀಳುವುದನ್ನು ತಡೆಯಲು ಅವರಿಗೆ ದಾರಿಯಿಲ್ಲ, ಬಿದ್ದ ಮೇಲೆ ತೆಗೆಯಬೇಕು. ಇಲ್ಲಿ ಬೀಳುವ ನೀರು ತಾನಾಗಿಯೇ ಹರಿದು ಹೋಗಲು ತಯಾರಿದೆ. ನಿಲ್ಲಿಸುತ್ತಿರುವುದು ನಾವು, ನಮ್ಮ 36 ಚೀಲ. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುವಾದಂದಿನಿಂದ ದೇಶಕ್ಕೆಲ್ಲ ಮಾಡಿನ ಹೆಂಚು ಕೊಟ್ಟ ಊರು ಇದು. ಇಲ್ಲಿ ಯಾರೂ ಮನೆಗೆ ನಡು ತಗ್ಗಿದ ಮಾಡು ಕಟ್ಟುವುದಿಲ್ಲ. ಲಾರಿಗೆ ಮಾತ್ರ ಕಟ್ಟುತ್ತಾ ಬಂದಿದ್ದೆವು.

ಬೆನ್ನು

ಮಾರನೇ ದಿನ ಲೋಡಿಂಗ್ ಮೇಸ್ತ್ರಿಯನ್ನು ಕೂರಿಸಿ, ಉಳಿದ ಚೀಲ ನಡುವೆ ಹಾಕೋಣ ಎಂದೆ. ಅವರು ಒಪ್ಪಲಿಲ್ಲ. "ರೈಟ್ರೆ, ಅಂಚಿಗೆ ಚೀಲ ಇಲ್ಲದಿದ್ರೆ ಹಗ್ಗ ನಿಲ್ಲುದಿಲ್ಲ. ಶಿರಾಡಿಯಲ್ಲಿ ಲೋಡ್ ವಾಲಿದ್ರೆ ಯಾರು ಕೇಳುದು?" ಅವರ ಭಯ ಸುಳ್ಳಲ್ಲ. ನಾನು ಕಾಗದದಲ್ಲಿ ಗೆರೆ ಎಳೆದು ಗೆಲ್ಲಬಹುದಾದ ವಾದವೂ ಅಲ್ಲ. ಒಂದು ಟ್ರೈಲರಿನಲ್ಲಿ ಮಾಡಿ ನೋಡೋಣ, ನಿಮ್ಮ ಮನಸ್ಸಿಗೆ ಬಾರದಿದ್ದರೆ ಬಿಡೋಣ ಎಂದೆ.

ದಾರಿ ಕಂಡುಹಿಡಿದವರು ಅವರೇ. ಒಂಬತ್ತನೇ ವರಸೆಯ ಅಂಚಿನ ಚೀಲಗಳನ್ನು ಉದ್ದಕ್ಕೆ ಹಾಕುವ ಬದಲು ಅಡ್ಡ ಹಾಕಿಸಿದರು. ಅಡ್ಡ ಚೀಲದ ಬಾಲವನ್ನು ಒಳಗಿನ ಚೀಲ ಅದುಮುತ್ತದೆ, ಅದು ಹೊರಗೆ ಜಾರುವುದಿಲ್ಲ. ಮೇಲೆ, ನಡುವಿನಲ್ಲಿ, ಜೋಡಿ ಸಾಲಾಗಿ ಹದಿನೈದು ಹದಿನೈದು ಚೀಲ. ಉಳಿದ ಆರನ್ನು ಕ್ಯಾಬಿನ್ನಿನ ಕಡೆಯ ತುದಿಗೆ ಅಡ್ಡ. ಟರ್ಪಾಲು ಹೊದೆಸಿದಾಗ ನಡುವೆ ಬೆನ್ನು ಎದ್ದು ಎರಡೂ ಕಡೆ ಇಳಿಜಾರಾಯಿತು. ಹಗ್ಗ ಬೆನ್ನಿನ ಮೇಲಿಂದ ಇಳಿದು ಅಂಚನ್ನು ಒತ್ತಿ ಹಿಡಿಯಿತು. ಮೇಸ್ತ್ರಿ ಹಗ್ಗವನ್ನು ಮೂರು ಕಡೆ ಕೈಯಲ್ಲಿ ಎಳೆದು ನೋಡಿದರು, ಮಾತಾಡಲಿಲ್ಲ, ಎರಡನೇ ಟ್ರೈಲರಿನ ಕಡೆ ಹೋದರು. ಅದೇ ಒಪ್ಪಿಗೆ.

ಚೀಲವಲ್ಲದ ಲೋಡಿಗೆ ಇದು ನಡೆಯದು. ಪೆಟ್ಟಿಗೆ, ಮೆಷಿನ್ನು, ಪೈಪು ಇದ್ದಾಗ ಟರ್ಪಾಲಿನಡಿ ನಡುವೆ ಗಾಳಿ ತುಂಬಿದ ಹಳೆ ಟ್ಯೂಬು ಇಟ್ಟು ನೋಡಿದೆವು. ಟ್ಯೂಬಿದ್ದ ಕಡೆ ಎದ್ದು ನಿಂತಿತು, ಎರಡು ಟ್ಯೂಬಿನ ನಡುವೆ ಮತ್ತೆ ಹೊಂಡ. ಟ್ಯೂಬುಗಳ ಮೇಲೆ ಉದ್ದಕ್ಕೂ ಸೀಳಿದ ಅಡಕೆ ಮರ ಕಟ್ಟಿದ ಮೇಲೆ ಸರಿಹೋಯಿತು. ಮರದ ಚೂಪು ತಾಗಿ ಟರ್ಪಾಲು ತೂತಾಗದಂತೆ ಗೋಣಿ ಸುತ್ತಬೇಕು.

ತೂತಿನ ಮಾತು ಬಂದದ್ದಕ್ಕೆ ಇನ್ನೊಂದು ಹೇಳಬೇಕು. ನೀರು ನಿಂತಾಗ ಸ್ಕ್ರೂಡ್ರೈವರಿನಿಂದ ಚುಚ್ಚಿ ಬಿಡುವ ಅಭ್ಯಾಸ ಕೆಲವು ಡ್ರೈವರುಗಳಲ್ಲಿದೆ. ಕೆಳಗೆ ಯೂರಿಯಾ ಇದ್ದರೆ ಆ ನೀರು ಚೀಲಕ್ಕೆ ಇಳಿದು ಒಳಗಿನದು ಕರಗಿ, ಆಮೇಲೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಇಳಿಸಿಕೊಳ್ಳುವವರು ಆ ಚೀಲ ಮುಟ್ಟುವುದಿಲ್ಲ, ಬೆಲೆ ಡ್ರೈವರಿನ ಲೆಕ್ಕಕ್ಕೆ ಬರುತ್ತದೆ. ಹಾಗೆ ಒಮ್ಮೆ ಕೈಸುಟ್ಟುಕೊಂಡವರು ಮುಂದೆ ನೀರನ್ನು ಹೊತ್ತುಕೊಂಡೇ ಓಡಿಸುತ್ತಾರೆ. ಕೊಪ್ಪಳದವರೂ ಹಾಗೆಯೇ. ಮೇಲೆ ನೀರು ಇರಬಹುದು ಎಂಬ ಅನುಮಾನ ಆ ಬೆಳಿಗ್ಗೆ ಅವರಿಗೆ ಇತ್ತು, ಆಮೇಲೆ ಹೇಳಿದರು. ಹೇಳಿದರೆ ತಡವಾಗುತ್ತದೆ, ತಡವಾದರೆ ನಾನು ಕೂಗುತ್ತೇನೆ. ಅದು ಡ್ರೈವರ್ ಒಬ್ಬರ ತಪ್ಪು ಎಂದು ನಾನು ಬರೆಯಲಾರೆ.

ನಿಂತ ನೀರನ್ನು ಇಳಿಸುವುದು

ಬೆನ್ನು ಕಟ್ಟಿದರೂ ಎಲ್ಲೋ ಒಂದು ಹಗ್ಗ ಸಡಿಲಾದರೆ, ಎಲ್ಲೋ ಒಂದು ಚೀಲ ಕೂತರೆ ಸಣ್ಣ ಹೊಂಡ ಆಗಿಯೇ ಆಗುತ್ತದೆ. ಅದಕ್ಕೆ ಅಟ್ಟ ಬೇಕು ಎಂದು ಧಣಿಯವರಲ್ಲಿ ಕೇಳಿದೆ. ಎರಡು ಬದಿಗೆ ಕೇಳಿದ್ದೆ, ಒಂದು ಬದಿಗೆ ಒಪ್ಪಿದರು. ಹಳೆ ಪೈಪುಗಳನ್ನು ವೆಲ್ಡ್ ಮಾಡಿಸಿ, ಟ್ರೈಲರಿನ ಉದ್ದಕ್ಕೂ, ಲೋಡಿನ ನೆತ್ತಿಗಿಂತ ಒಂದು ಗೇಣು ಕೆಳಗೆ ನಿಲ್ಲುವ ಹಾಗೆ ಕಟ್ಟಿಸಿದೆವು. ಏಣಿಯಲ್ಲ, ಮೆಟ್ಟಿಲು. ಸೊಂಟದೆತ್ತರಕ್ಕೆ ಕಟಕಟೆ. ಮೇಲೆ ನಿಂತವನು ಅಟ್ಟದಿಂದ ಲೋಡಿನ ಮೇಲೆ ಕಾಲಿಡಬಾರದು.

ಅವನ ಕೈಯಲ್ಲಿರುವುದು ಎರಡೇ. ಒಂದು, ಅಂಗಳದ ನೀರು ದೂಡುವ ರಬ್ಬರ್ ಪಟ್ಟಿಯನ್ನು ಉದ್ದ ಬಿದಿರಿಗೆ ಕಟ್ಟಿದ್ದು. ಇನ್ನೊಂದು, ತೋಟಕ್ಕೆ ನೀರು ಬಿಡುವ ಒಂದು ಇಂಚಿನ ಪೈಪು, ಎಂಟು ಮೀಟರ್. ಅದರ ಒಂದು ತುದಿಗೆ ತೂತು ಮಾಡಿದ ಡಬ್ಬಿ ಮತ್ತು ಸ್ವಲ್ಪ ಭಾರ ಕಟ್ಟಿದ್ದೇವೆ. ಬಾವಿಯ ಪಕ್ಕದ ತೊಟ್ಟಿ ಖಾಲಿ ಮಾಡುವವರಿಗೆಲ್ಲ ಈ ಉಪಾಯ ಗೊತ್ತು. ಆದರೆ ಇಲ್ಲಿ ಬಾಯಿಯಿಂದ ಎಳೆಯುವ ಹಾಗಿಲ್ಲ, ಗೊಬ್ಬರದ ನೀರು. ನಳ್ಳಿಯಿಂದ ಪೈಪು ಪೂರ್ತಿ ತುಂಬಿಸಿ, ಎರಡು ತುದಿಯನ್ನೂ ಹೆಬ್ಬೆರಳಿನಲ್ಲಿ ಮುಚ್ಚಿ, ಭಾರದ ತುದಿಯನ್ನು ಹೊಂಡಕ್ಕೆ ಇಳಿಸಿ, ಕೆಳಗಿನವನು ತನ್ನ ತುದಿಯನ್ನು ನೆಲದ ಹತ್ತಿರ ಬಿಡಬೇಕು. ಹೊಂಡಕ್ಕೂ ನೆಲಕ್ಕೂ ಮೂರು ಮೀಟರ್ ಅಂತರ ಇರುವುದರಿಂದ ನೀರು ಜೋರಾಗಿಯೇ ಬರುತ್ತದೆ. ಆ ದಿನದ 370 ಲೀಟರ್ ಇದ್ದರೂ ಏಳೆಂಟು ನಿಮಿಷದ ಕೆಲಸ. ಮೊದಲ ಸಲ ಅದು ಚರಂಡಿಗೆ ಕಂದು ಬಣ್ಣದಲ್ಲಿ ಹರಿಯುವುದನ್ನು ನೋಡುತ್ತಾ ನಿಂತಾಗ, ಇಷ್ಟಕ್ಕಾಗಿ ಒಬ್ಬ ಹುಡುಗನ ಹಿಮ್ಮಡಿ ಒಡೆಯಿತಲ್ಲ ಎಂದು ಹೊಟ್ಟೆಯಲ್ಲಿ ಸಂಕಟವಾಯಿತು.

ನೋಡುವ ಹೊತ್ತನ್ನೂ ಬದಲಿಸಿದೆವು. ಮೊದಲು ಟರ್ಪಾಲು ಕಟ್ಟಿದ ಸಂಜೆ ಒಮ್ಮೆ ನೋಡಿ ಮುಗಿಸುತ್ತಿದ್ದೆವು. ಮಳೆ ಬೀಳುವುದು ಆಮೇಲೆ. ಈಗ ಹೊರಡುವ ಹತ್ತು ನಿಮಿಷ ಮೊದಲು ಗೇಟಿನಲ್ಲಿ ನೋಡುತ್ತೇವೆ. ಗೇಟಿನ ಕಂಬಕ್ಕೆ ಐದು ಮೀಟರ್ ಎತ್ತರದಲ್ಲಿ, ತಿರುವುಗಳಲ್ಲಿ ಹಾಕುವಂಥ ಉಬ್ಬುಗನ್ನಡಿ ಕಟ್ಟಿದ್ದೇವೆ. ಮಳೆ ಜೋರಿದ್ದರೆ ಕನ್ನಡಿಯಲ್ಲಿ ಏನೂ ಕಾಣುವುದಿಲ್ಲ. ಆಗ ಮೊಬೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬಿದಿರಿನ ತುದಿಗೆ ಕಟ್ಟಿ ನೆತ್ತಿಯ ಮೇಲೆ ಒಂದು ಸುತ್ತು ವಿಡಿಯೋ ತೆಗೆಯುತ್ತೇವೆ. ಗೇಟ್ ಪುಸ್ತಕದಲ್ಲಿ "ನೆತ್ತಿ ನೋಡಿದವರು" ಎಂದು ಒಂದು ಕಲಂ ಇದೆ. ಅಲ್ಲಿ ಕ್ಲೀನರಿನ ಸಹಿ ನಡೆಯುವುದಿಲ್ಲ, ನನ್ನದು ಅಥವಾ ರಾತ್ರಿ ಪಾಳಿಯ ಸೂಪರ್‌ವೈಸರಿನದು ಮಾತ್ರ. ನೀರಿದ್ದರೆ ಗಾಡಿ ಹಿಂದಕ್ಕೆ, ಅಟ್ಟದ ಪಕ್ಕಕ್ಕೆ. ಆ ತಡಕ್ಕೆ ಡ್ರೈವರನ್ನು ಯಾರೂ ಕೇಳಬಾರದು ಎಂದು ಧಣಿಯವರು ಎಲ್ಲರ ಎದುರಿಗೆ ಹೇಳಿದ್ದಾರೆ. ಆ ಮಾತು ಹೇಳಿದ ಮೇಲೆಯೇ ಡ್ರೈವರುಗಳು ತಾವಾಗಿ ಬಂದು "ಸ್ವಲ್ಪ ಮೇಲೆ ನೋಡಿ" ಎನ್ನಲು ಶುರುಮಾಡಿದ್ದು.

ಉಳಿದಿರುವುದು ದಾರಿಯ ಮೇಲಿನ ಹೊಂಡ. ಶಿರಾಡಿಯಲ್ಲಿ ರಸ್ತೆ ಕಟ್ಟಾದರೆ ಗಾಡಿಗಳು ಗುಂಡ್ಯದಲ್ಲೋ ನೆಲ್ಯಾಡಿಯಲ್ಲೋ ರಾತ್ರಿಯೆಲ್ಲ ನಿಲ್ಲುತ್ತವೆ. ಅಲ್ಲಿ ಅಟ್ಟವಿಲ್ಲ. ಪ್ರತಿ ಟ್ರೈಲರಿನ ಟೂಲ್ ಬಾಕ್ಸಿನಲ್ಲಿ ಒಂದು ಪೈಪು ಇಟ್ಟಿದ್ದೇವೆ, ಆದರೆ ಅಟ್ಟವಿಲ್ಲದೆ ಅದನ್ನು ಹೊಂಡಕ್ಕೆ ಸರಿಯಾಗಿ ಇಳಿಸುವುದು ಕಷ್ಟ, ಕತ್ತಲಲ್ಲಂತೂ ಆಗುವುದೇ ಇಲ್ಲ. ಹತ್ತಬೇಡಿ, ಬೆಳಕಾಗುವ ತನಕ ಕಾಯಿರಿ, ಹೊರಡುವ ಮೊದಲು ವಿಡಿಯೋ ಕಳಿಸಿ ಎಂದಷ್ಟೇ ಹೇಳಿದ್ದೇವೆ. ದಾರಿಬದಿಗೆ ಏನು ಮಾಡಬಹುದು ಎಂದು ಇನ್ನೂ ಯೋಚಿಸುತ್ತಿದ್ದೇನೆ.

ಹುಡುಗ ನಾಲ್ಕನೇ ತಿಂಗಳು ಕೆಲಸಕ್ಕೆ ಬಂದ. ಈಗ ಅಟ್ಟದ ಕೆಳಗೆ ಪೈಪಿನ ತುದಿ ಹಿಡಿಯುವುದು, ಗೇಟಿನಲ್ಲಿ ವಿಡಿಯೋ ತೆಗೆಯುವುದು ಅವನ ಪಾಲು. ಚಳಿ ಇದ್ದಾಗ ಹಿಮ್ಮಡಿ ನೋಯುತ್ತದೆ ಎನ್ನುತ್ತಾನೆ. ಈ ಮಳೆಗಾಲದ ಒಂದು ಬೆಳಿಗ್ಗೆ ಐದೂಮುಕ್ಕಾಲಿಗೆ ಕೊಪ್ಪಳದವರು ನೆಲ್ಯಾಡಿಯಿಂದ ವಿಡಿಯೋ ಕಳಿಸಿದರು. ಮಸುಕು ಬೆಳಕು, ಅಲ್ಲಾಡುವ ಚಿತ್ರ, ನೀಲಿ ಟರ್ಪಾಲಿನ ನಡುವೆ ಬೆನ್ನು ನೆಟ್ಟಗೆ ನಿಂತಿತ್ತು, ಮಳೆ ಎರಡೂ ಬದಿಗೆ ಇಳಿಯುತ್ತಿತ್ತು. ಕೆಳಗೆ ಅವರ ದನಿ: "ನೀರಿಲ್ರಿ ಸರ. ಬಿಡ್ಲಾ?" ನಾನು ಎರಡು ಸಲ ನೋಡಿ, ಬಿಡಿ ಎಂದೆ.